ಮೀನಿಗೆ ಸಸ್ಯಾಹಾರದ ದೀಕ್ಷೆ

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ವಿಜಯಮಹಾಂತೇಶ ಘೋಷಿಸಿದರು: “ಇನ್ನ ಮ್ಯಾಲೆ ನಮ್ಮ ಮನ್ಯಾಗ ಯಾರೂ ಮಾಂಸ ಮುಟ್ಟಂಗಿಲ್ಲ!”

“ಮುಟ್ಟಾಂವ ಒಬ್ಬನ ಅದಾನ. ಅವಗ ಹೇಳ್ರಿ,” ಎಂದರು ಹೆಂಡತಿ ಮಹೇಶ್ವರಿ. ಅವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು.

ಆ ಒಬ್ಬ, ಪಡಸಾಲೆಯ ಗಾಜಿನ ತೊಟ್ಟಿಯಲ್ಲಿದ್ದ ಆಸ್ಕರ್ ಜಾತಿಯ ಮೀನು. ವರ್ಗವಾಗಿ ಹೋದ ಗೆಳೆಯ ಧರ್ಮರಾಜ ತೊಟ್ಟಿ ಸಮೇತ ಬಿಟ್ಟುಹೋಗಿದ್ದ. ಅಂಗೈಯಗಲದ ಈ ರಾಕ್ಷಸನಿಗೆ ಜೀವಂತ ಮರಿಮೀನೇ ಆಗಬೇಕು. ಮುಂದಿನ ಸೋಮವಾರ ಹುನಗುಂದದಿಂದ ಅತ್ತೆ ಬಸವೇಶ್ವರಿ ಬರುವವರಿದ್ದರು. ಲಿಂಗಪೂಜೆಯಾಗದೆ ನೀರೂ ಮುಟ್ಟದ ಹೆಂಗಸು. ಪಡಸಾಲೆಯಲ್ಲಿ ನಡೆಯುವ ಕೊಲೆ ಕಂಡರೆ ಮೀನಿನ ಜೊತೆ ಅಳಿಯನ ಮಾನವೂ ಬೀದಿಗೆ ಬೀಳುತ್ತಿತ್ತು.

ವಿಜಯಮಹಾಂತೇಶ ಅಂಗಡಿಯಿಂದ ಸಾಕುಮೀನಿಗೆ ತಿನ್ನಿಸುವ ಗುಳಿಗೆ ಒಂದು ಡಬ್ಬಿ ತಂದರು. ಕಣ್ಣಿಲ್ಲ, ಬಾಲವಿಲ್ಲ, ಅಲುಗಾಡುವುದಿಲ್ಲ. ಅಂದಮೇಲೆ ಸಸ್ಯಾಹಾರವೇ ಎಂದು ಅವರು ತೀರ್ಮಾನಿಸಿದರು.

ಮೀನು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡಿತು. ಥೂ ಎಂದು ಉಗುಳಿತು.

“ಉಗಳತೈತಿ! ನನ್ನ ಮಾರಿ ನೋಡಿ ಉಗಳತೈತಿ!” ಎಂದು ಅವರು ಕೆಂಡವಾದರು.

ಮರಿಮೀನು ಬಂದ್ ಮಾಡಿದರು. ಮೀನು ಜಗ್ಗಲಿಲ್ಲ. ಕೊನೆಗೆ ಪಕ್ಕದ ಮನೆಯ ರಾಜೇಶನಿಂದ ಗುಳಿಗೆ ತಿಂದು ಬೆಳೆದ ಗೋಲ್ಡ್‌ಫಿಶ್ ಒಂದನ್ನು ಕಡ ತಂದು ತೊಟ್ಟಿಗೆ ಬಿಟ್ಟರು.

“ಗುರು ಇದ್ದಾಂಗ. ನೋಡಿ ಕಲೀತೈತಿ.”

ಗುರು ಒಂದು ಗುಳಿಗೆ ತಿಂದಿತು. ಶಿಷ್ಯ ಗುರುವನ್ನೇ ತಿಂದಿತು!

ಸೋಮವಾರ ಅತ್ತೆ ಬಂದರು. ಪೂಜೆ ಮುಗಿಸಿ ತೊಟ್ಟಿಯ ಮುಂದೆ ನಿಂತರು.

“ಯಾಕ್ರಿ ಅಳಿಯಂದ್ರ, ಇದು ಸಪ್ಪಗೈತಿ?”

“ಉಪಾಸ ಐತ್ರಿ ಅತ್ತಿ. ಸ್ವಾಮಾರ ಅಲ್ಲೇನ್ರಿ!” ಬಾಯಿಂದ ಹಾರಿದ ಸುಳ್ಳು ಅವರಿಗೇ ಬಲು ಚಂದ ಕಂಡಿತು.

ಅತ್ತೆಯ ಕಣ್ಣು ತುಂಬಿ ಬಂತು. “ಶಿವನ! ಹಂಗಾದ್ರ ಅದು ಉಪಾಸ ಬಿಟ್ಟ ಮ್ಯಾಲೆ ನಾನೂ ಬಿಡ್ತೇನಿ. ಮನ್ಯಾಗ ಒಂದು ಜೀವ ಹಸಗೊಂಡಿರುವಾಗ ನನಗ ತುತ್ತು ಇಳಿಯಂಗಿಲ್ಲ.”

ಈಗ ಮನೆಯಲ್ಲಿ ಎರಡು ಉಪವಾಸ. ಸಂಜೆಯಾಯಿತು. ರೊಟ್ಟಿ ಆರಿತು, ಎಣ್ಣೆಗಾಯಿ ಪಲ್ಯ ತಣ್ಣಗಾಯಿತು.

“ಅವ್ವಗ ಸಕ್ಕರಿ ಬ್ಯಾನಿ ಐತಿ,” ಮಹೇಶ್ವರಿ ಅಡುಗೆಮನೆಯಲ್ಲಿ ಹಲ್ಲು ಕಚ್ಚಿ ಹೇಳಿದರು. “ತಲಿ ತಿರುಗಿ ಬಿದ್ರ ನಿಮ್ಮ ಮೀನು ದವಾಖಾನಿಗೆ ಒಯ್ತೈತೇನು?”

ವಿಜಯಮಹಾಂತೇಶ ತೊಟ್ಟಿಯ ಮುಂದೆ ಮಂಡಿಯೂರಿದರು. ದಾರಕ್ಕೆ ಗುಳಿಗೆ ಕಟ್ಟಿ ಕುಣಿಸಿದರು. ಬೆರಳಲ್ಲಿ ಹಿಡಿದು ನೀರಿನಲ್ಲಿ ಆಡಿಸಿದರು. ಮೀನು ಗುಳಿಗೆ ಬಿಟ್ಟು ಬೆರಳು ಕಚ್ಚಿತು. ಸಿಟ್ಟು ನೆತ್ತಿಗೇರಿತು.

“ಏನೈತಿ ಇದಕ್ಕ? ವಿಷ ಐತೇನು? ನೋಡಿಲ್ಲೆ, ಮಗನ! ನಾನ ತಿಂತೇನಿ, ನೋಡು!”

ಹಿಡಿ ಗುಳಿಗೆ ಬಾಯಿಗೆ ಹಾಕಿ ಕಟಕಟ ಅಗಿದರು. ಅಗಿಯುತ್ತಲೇ ಇನ್ನೊಂದು ಹಿಡಿ ನೀರಿಗೆ ಎಸೆದರು. ಮೀನು ಅವರನ್ನು ನೋಡಿತು. ಒಂದು ಗುಳಿಗೆ ನುಂಗಿತು. ಎರಡನೆಯದು. ಆಮೇಲೆ ಎಲ್ಲವನ್ನೂ!

“ತಿಂತು! ಅತ್ತಿ, ತಿಂತು! ಮೀನು ಶಾಕಾಹಾರಿ ಆತು!”

ಅತ್ತೆ ಎರಡೂ ಕೈ ಎತ್ತಿ ಮುಗಿದರು. ಮಹೇಶ್ವರಿ ಮಾತ್ರ ಬಾಗಿಲಿಗೆ ಒರಗಿ, ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

“ಯಾಕ ನಗಾಕತ್ತಿ?”

“ಅದನ್ನ ಮಾಡೋದು ಒಣಾ ಮೀನು ಕುಟ್ಟಿದ ಪುಡಿಯಿಂದ್ರಿ.”

ಅಗಿಯುತ್ತಿದ್ದ ದವಡೆ ನಿಂತಿತು. “ಮತ್ತ... ಮೊದಲ ಹೇಳಬಾರದಿತ್ತೇನು!”

“ಮೀನು ತಿಂತೈತಿ ಅಂತ ಗೊತ್ತಿತ್ತು. ನೀವೂ ತಿಂತೀರಿ ಅಂತ ನನಗೇನ ಕನಸು ಬಿದ್ದಿತ್ತ್ರಿ?”

ಬಸವೇಶ್ವರಿ ಮುಗಿದ ಕೈ ಇಳಿಸಿದರು. ಒಳಗೆ ಹೋಗಿ ತಾಟು ಹಾಕಿದರು. ತಾಯಿ ಮಗಳ ತಾಟು ಅಡುಗೆಮನೆಯಲ್ಲಿ. ಅಳಿಯನ ತಾಟನ್ನು ಪಡಸಾಲೆಗೆ ತಂದು ತೊಟ್ಟಿಯ ಪಕ್ಕಕ್ಕೆ ಇಟ್ಟು, ಸೆರಗು ಸರಿಮಾಡಿಕೊಂಡು ಹೇಳಿದರು:

“ಊಟಕ್ಕ ಕೂಡ್ರಿ ಅಳಿಯಂದ್ರ. ಇವತ್ತ ನೀವಿಬ್ರೂ ಒಂದ ಪಂಕ್ತಿ.”