ನಮ್ಮ ಮನೆಗೆ ಅವ್ವ ಕಟ್ಟಿದ ಬೆಲೆ

ಹೊಗಳಿಕೆ ಕೇಳಿಸಿಕೊಂಡು ಸುಮ್ಮನಿರುವುದು ನಮ್ಮ ಮನೆತನದಲ್ಲಿ ಯಾರಿಗೂ ಬಂದಿಲ್ಲ. "ನಿಮ್ಮ ಹಸು ಚೆನ್ನಾಗಿದೆ" ಎಂದು ಯಾರಾದರೂ ಅಂದರೆ ಸಾಕು, ನಮ್ಮವ್ವನ ಎದೆ ಹೊಡೆದುಕೊಳ್ಳುತ್ತದೆ. "ಎಲ್ ಚೆಂದಾಗದೆ ಬುಡವ್ವ, ಒಂದ್ ಲೋಟ ಹಾಲ್ಗೂ ಗತಿ ಇಲ್ಲ" ಎನ್ನುತ್ತ, ತುಂಬಿದ ಬಕೆಟ್ಟಿಗೆ ಸೆರಗು ಮುಚ್ಚುತ್ತಾಳೆ. ಕೆಟ್ಟ ಕಣ್ಣು ತಾಗದಿರಲಿ ಅನ್ನುವುದಷ್ಟೇ ಅವಳ ಉದ್ದೇಶ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು ಬಂದಾಗ "ಎಂಗೋ ಪಾರಾದ" ಎಂದು ಹೊಣಕೆರೆಯ ತನ್ನ ತವರಿಗೆ ಸುದ್ದಿ ಕಳಿಸಿದಳು. ಹೆಣ್ಣು ನೋಡಲು ಕೆ.ಆರ್. ಪೇಟೆಗೆ ಹೋದಾಗ, ಹುಡುಗ ಲಕ್ಷಣವಾಗಿದ್ದಾನೆ ಎಂದವರಿಗೆ "ಲಕ್ಷಣ ಏನೋ ಸರಿ, ಬುದ್ಧಿ ವಸಿ ಕಮ್ಮಿ" ಎಂದಳು. ಆ ಮಾತನ್ನು ಬೇರೆಲ್ಲರೂ ಮರೆತಿದ್ದಾರೆ. ನನ್ನ ಹೆಂಡತಿ ಮಾತ್ರ ಅಂದಿನಿಂದ ನಂಬಿಕೊಂಡೇ ಬಂದಿದ್ದಾಳೆ.

ತೊಂಬತ್ತರ ದಶಕದಲ್ಲಿ ನಾನು ಪಾಂಡವಪುರದಲ್ಲಿ ಹೈಸ್ಕೂಲು ಮೇಷ್ಟರಾಗಿದ್ದೆ. ಅಪ್ಪ ಕಟ್ಟಿಸಿಹೋದ ಹೆಂಚಿನ ಮನೆ ನಮ್ಮದು. ಬಚ್ಚಲು, ಕಕ್ಕಸು ಎರಡೂ ಹಿತ್ತಲಿನ ಕೊನೆಯಲ್ಲಿ, ಕೊಟ್ಟಿಗೆ ದಾಟಿದ ಮೇಲೆ. ಅವ್ವನಿಗೆ ಮಂಡಿನೋವು ಶುರುವಾದ ಮೇಲೆ ಅವಳು ಗೋಡೆ ಹಿಡಿದುಕೊಂಡು ಅಲ್ಲಿಗೆ ಹೋಗಿಬರುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಅವಳ ಕೋಣೆಗೆ ಹೊಂದಿಕೊಂಡಂತೆ ಒಂದು ಬಾತ್‌ರೂಮು ಕಟ್ಟಿಸೋಣವೆಂದು ಮನೆ ಅಡವಿಟ್ಟು ಸಾಲ ಪಡೆಯಲು ಬ್ಯಾಂಕಿಗೆ ಅರ್ಜಿ ಹಾಕಿದೆ. ಮನೆಗೆ ಬೆಲೆ ಕಟ್ಟಲು ಅವರೇ ಒಬ್ಬ ಎಂಜಿನಿಯರನ್ನು ಕಳಿಸುತ್ತಾರೆ, ಫೀಸು ಮಾತ್ರ ನಮ್ಮದು. ಕಟ್ಟಿದೆ. ಅವರು ಬಂದ ದಿನ ನಾನು ಪರೀಕ್ಷೆ ಕೆಲಸದ ಮೇಲೆ ನಾಗಮಂಗಲಕ್ಕೆ ಹೋಗಿದ್ದೆ. ಸಂಜೆ ಬಂದು ವಿಚಾರಿಸಿದರೆ, "ಉಪ್ಪಿಟ್ಟು ಕೊಟ್ಟೆ, ತಿಂದ್ಕೊಂಡು ಹೋದ್ರು" ಎಂದಳು ಹೆಂಡತಿ. "ಒಳ್ಳೆ ಮನುಸ ಕಣ್ಲಾ, ನಾನ್ ಯೋಳಿದ್ದೆಲ್ಲ ಬರ್ಕೊಂಡ" ಎಂದಳು ಅವ್ವ. ಆ ಮಾತು ಕಿವಿಗೆ ಬಿದ್ದರೂ ನಾನು ನೆಮ್ಮದಿಯಾಗಿ ಉಂಡು ಮಲಗಿದೆನಲ್ಲ, ಅದೇ ನನ್ನ ಬುದ್ಧಿಗೆ ಸಾಕ್ಷಿ.

ಸಾಲ ಸಿಗಲಿಲ್ಲ. "ನಿಮ್ಮ ಮನೆ ಬೆಲೆ ಸಾಲ್ತಾ ಇಲ್ಲ ಮೇಷ್ಟ್ರೇ" ಎಂದರು ಮ್ಯಾನೇಜರು. ಯಾಕೆ, ಎಷ್ಟು ಕಟ್ಟಿದ್ದಾರೆ ಎಂದು ಕೇಳಿದರೆ, "ರಿಪೋರ್ಟು ಬ್ಯಾಂಕಿಗೆ ಮಾತ್ರ. ಸಾಲ ಕೇಳೋರಿಗೆ ತೋರಿಸೋ ಹಂಗಿಲ್ಲ, ಗೋಪ್ಯ" ಎಂದುಬಿಟ್ಟರು. ಮನೆ ನನ್ನದು, ಫೀಸು ನನ್ನದು, ಗುಟ್ಟು ಮಾತ್ರ ನನಗೇ ಗೊತ್ತಾಗಬಾರದು! ನನ್ನ ರಕ್ತ ತೆಗೆದು ಪರೀಕ್ಷೆ ಮಾಡಿ, ಕಾಯಿಲೆ ಯಾವುದೆಂದು ನನಗೇ ಹೇಳದ ಡಾಕ್ಟರ ಹಾಗಾಯಿತು. ಸಿಟ್ಟೆಲ್ಲ ಮನೆಗೆ ತಂದು ಉಪ್ಪಿಟ್ಟಿನ ಮೇಲೆ ತೀರಿಸಿಕೊಂಡೆ. "ಅದಕ್ಕೆ ಗೋಡಂಬಿ ಹಾಕಿದ್ಯಾ ಇಲ್ವಾ?" ಎಂದು ಹೆಂಡತಿಯನ್ನು ಪಾಟೀಸವಾಲು ಮಾಡಿದೆ. "ನಿಮ್ಮ ಗೋಡೆಗೆ ಬೆಲೆ ಇಲ್ದಿದ್ರೆ ನನ್ನ ಗೋಡಂಬಿ ಏನ್ ಮಾಡುತ್ತೆ?" ಎಂದಳು. ಅವ್ವ ಮಾತ್ರ, "ಓಗ್ಲಿ ಬುಡ್ಲಾ, ನಾನೇನ್ ಓಡ್ಬೇಕಾ" ಎಂದು ಗೋಡೆ ಹಿಡಿದು ಹಿತ್ತಲಿಗೆ ಹೊರಡುವಳು.

ಸ್ಕೂಲು ಬಿಟ್ಟ ಕೂಡಲೇ ಬ್ಯಾಂಕಿಗೆ ಹೋಗಿ ಕೂರುವುದು ನನಗೆ ಅಭ್ಯಾಸವಾಯಿತು. ಕೊನೆಗೊಂದು ದಿನ ಮ್ಯಾನೇಜರು, "ನಿಮ್ಮ ಕಾಟ ತಡೆಯೋಕಾಗಲ್ಲ. ದುಡ್ಡು ಕೊಟ್ಟಿರೋರು ನೀವೇ ತಾನೆ, ನೋಡ್ಕೊಳಿ" ಎಂದು ಫೈಲನ್ನು ನನ್ನ ಕಡೆ ತಿರುಗಿಸಿದರು. ರಿಪೋರ್ಟಿನಲ್ಲಿ ಹೀಗಿತ್ತು: ಮನೆಯವರ ಹೇಳಿಕೆಯಂತೆ ಮಳೆ ಬಂದರೆ ಒಳಗೂ ಹೊರಗೂ ವ್ಯತ್ಯಾಸವಿಲ್ಲ. ಗೋಡೆ ಮುಟ್ಟಿದರೆ ಮಣ್ಣು ಉದುರುತ್ತದೆ. ತೊಲೆಗಳಿಗೆ ಗೆದ್ದಲು. ಬಾವಿಯಲ್ಲಿ ನೀರಿಲ್ಲ. ಬರೆದದ್ದು ಇಂಗ್ಲಿಷಿನಲ್ಲಾದರೇನು, ಸಾಲುಸಾಲಿನಲ್ಲೂ ಅವ್ವನ ದನಿ ಕೇಳಿಸಿತು. "ಸಾರ್, ಇದು ರಿಪೋರ್ಟಲ್ಲ, ನಮ್ಮವ್ವ ಮನೆಗೆ ದೃಷ್ಟಿ ತೆಗೆದಿರೋದು!" ಎಂದೆ. ಸಂಗತಿ ವಿವರಿಸಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ತಾಯಿಯೂ ಅವ್ವನ ತವರಿನ ಕಡೆಯ ಬಿಂಡಿಗನವಿಲೆಯವರಂತೆ, ಹೆಚ್ಚು ಹೇಳಬೇಕಾಗಲಿಲ್ಲ. ಎಂಜಿನಿಯರನ್ನು ಇನ್ನೊಮ್ಮೆ ಕಳಿಸಲು ಒಪ್ಪಿದರು.

"ಈ ಸಲ ಬಾಯಿ ಬಿಡಬೇಡ" ಎಂದು ಅವ್ವನಿಗೆ ಕೈಮುಗಿದೆ. "ಒಳ್ಳೆ ಮನೆ ಅಂದ್ಬುಟ್ರೆ ಸುಮ್ಕಿರಾಕಾದದ್ಲಾ? ಕಣ್ ಬಿದ್ರೆ?" ಎಂದಳು. ಬಾಯಿತುಂಬ ಎಲೆಅಡಿಕೆ ಹಾಕಿಸಿ ಜಗುಲಿಯಲ್ಲಿ ಕೂರಿಸಿದೆ. ಎಂಜಿನಿಯರು ಬಂದು ತೊಲೆ ತಟ್ಟಿ, ತಲೆಯೆತ್ತಿ ನೋಡಿ, "ಎಂಥಾ ಮನೆ ಸಾರ್! ಇಂಥ ಮರ ಈಗೆಲ್ಲಿ ಸಿಗುತ್ತೆ?" ಎಂದರು. ನನಗೇನಾಯಿತೋ ಕಾಣೆ, ಎದೆ ಹೊಡೆದುಕೊಂಡಿತು. "ಅಯ್ಯೋ ಎಲ್ಲಿ ಬಂತು ಸಾರ್, ಮಳೆ ಬಂದ್ರೆ ಪೂರ್ತಿ ಸೋರುತ್ತೆ" ಎಂದುಬಿಟ್ಟೆ.

ಅವ್ವ ಎದ್ದು ಅಂಗಳಕ್ಕೆ ಉಗಿದು ಬಂದಳು. "ಎಲ್ಲಲಾ ಸೋರ್ತದೆ? ನಿಮ್ಮಪ್ಪ ಬಿಸ್ಲಲ್ಲಿ ನಿಂತ್ಕೊಂಡು ಕಟ್ಸಿದ್ ಮನೆ ಕಣ್ಲಾ ಇದು! ಇವ್ನ ಮಾತ ಕೇಳ್ಬ್ಯಾಡಿ ಸಾಮಿ, ಇವ್ನಿಗೆ ಮೊದ್ಲಿಂದ್ಲೂ ಬುದ್ಧಿ ವಸಿ ಕಮ್ಮಿ" ಎಂದವಳೇ, ಎಂಜಿನಿಯರನ್ನು ಕರೆದುಕೊಂಡು ಕುಂಟುತ್ತಲೇ ಅಟ್ಟದ ಏಣಿ, ಗೋಡೆ, ಬಾವಿ ಎಲ್ಲವನ್ನೂ ತೋರಿಸಿದಳು. ಗಂಡ ಕಟ್ಟಿಸಿದ ಮನೆಯನ್ನು ಅವಳು ಎಷ್ಟು ಬೇಕಾದರೂ ಹಳಿಯಬಹುದು, ಇನ್ನೊಬ್ಬರು ಹಳಿಯುವ ಹಾಗಿಲ್ಲ. ಅದು ಮಗನಾದರೂ ಅಷ್ಟೇ.

ಸಾಲ ಬಂತು, ಬಾತ್‌ರೂಮೂ ಆಯಿತು. ನೋಡಲು ಬಂದವರು ಮೆಚ್ಚಿದರೆ, "ಏನ್ ರೂಮೋ, ನೀರೇ ಬರಾಕಿಲ್ಲ" ಎನ್ನುತ್ತಾಳೆ ಅವ್ವ, ಒಳಗೆ ನಲ್ಲಿ ಸುರಿಯುತ್ತಿರುತ್ತದೆ. ಎರಡನೆಯ ರಿಪೋರ್ಟನ್ನು ನಾನು ಕೇಳದೆಯೇ ಮ್ಯಾನೇಜರು ಕರೆದು ತೋರಿಸಿದರು. ನಾನು ಅದನ್ನು ಓದಿ ಬಂದು ಹೆಂಡತಿಗೆ ಹೇಳಬಾರದಿತ್ತು. ಕೆಲವು ಕಾಗದಗಳನ್ನು ಬ್ಯಾಂಕಿನವರು ಗೋಪ್ಯವಾಗಿಡುವುದೇ ಸರಿ ಎಂದು ಈಗ ಅನ್ನಿಸುತ್ತದೆ. ಮೊನ್ನೆ ಕೂಡ ಉಪ್ಪಿಟ್ಟು ಬಾಯಿಗಿಟ್ಟು, "ಉಪ್ಪು ಸ್ವಲ್ಪ ಜಾಸ್ತಿಯಾಯ್ತೇನೋ" ಎಂದೆ. ಹೆಂಡತಿ ತಿರುಗಿಯೂ ನೋಡದೆ ಆ ರಿಪೋರ್ಟಿನ ಕೊನೆಯ ಸಾಲನ್ನು ಒಪ್ಪಿಸಿದಳು: "ಮಾಲೀಕರ ಹೇಳಿಕೆಯನ್ನು ಪರಿಗಣಿಸಿಲ್ಲ."