ಆಯ್ತ್ರೀ ಸಾ

ನಾನು ಒಳ್ಳೆಯ ಮೇಷ್ಟ್ರು ಎಂದು ಇಪ್ಪತ್ತು ವರ್ಷ ನಂಬಿಕೊಂಡಿದ್ದೆ. ಆ ನಂಬಿಕೆಗೆ ಆಧಾರ ಒಂದೇ ಒಂದು ಪ್ರಶ್ನೆ. ಲೆಕ್ಕ ಬಿಡಿಸಿ, ಸೀಮೆಸುಣ್ಣದ ಕೈ ಪ್ಯಾಂಟಿಗೆ ಒರೆಸಿಕೊಂಡು, ತರಗತಿಯ ಕಡೆ ತಿರುಗಿ "ಅರ್ಥ ಆಯ್ತಾ?" ಎನ್ನುತ್ತಿದ್ದೆ. ಮಕ್ಕಳು ಒಂದೇ ಬಾಯಲ್ಲಿ "ಆಯ್ತ್ರೀ ಸಾ" ಎನ್ನುತ್ತಿದ್ದರು. ಜಗಳೂರಿನಲ್ಲಿ ಅದನ್ನು ರಾಗವಾಗಿ ಎಳೆಯುತ್ತಿದ್ದರು. ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣಕ್ಕೆ ವರ್ಗವಾದಾಗ, ಕೊನೆಯ ಪೀರಿಯಡ್ಡಿನಲ್ಲಿ ಬಸ್ಸಿನ ಹಾರ್ನ್ ಕೇಳಿದರೆ ನಾನು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಬರುತ್ತಿತ್ತು. ಒಮ್ಮೆ ಮರೆವಿನಲ್ಲಿ, ಪಾಠ ಶುರು ಮಾಡುವ ಮುಂಚೆಯೇ ಕೇಳಿಬಿಟ್ಟೆ. ಆಗಲೂ ಆಯ್ತು ಎಂದರು. ಪರೀಕ್ಷೆಯ ಪೇಪರುಗಳು ಬೇರೆಯೇ ಕಥೆ ಹೇಳುತ್ತಿದ್ದವು ನಿಜ. ಆದರೆ ಅದಕ್ಕೆ ನಾನು ಮೊಬೈಲನ್ನು ಬೈದು ಸುಮ್ಮನಾಗುತ್ತಿದ್ದೆ.

ನ್ಯಾಮತಿಯ ಕಡೆಯ ಈಗಿನ ಶಾಲೆಯಲ್ಲಿ ರೇಣುಕಾ ಎಂಬ ಹುಡುಗಿ ಒಂಬತ್ತನೇ ತರಗತಿಯಲ್ಲಿದ್ದಳು. ಎರಡನೇ ಬೆಂಚು, ಮಾತು ಕಡಿಮೆ, ಲೆಕ್ಕದಲ್ಲಿ ಅಂಕ ಇನ್ನೂ ಕಡಿಮೆ. ಅವಳ ತಾಯಿ ಒಂದು ದಿನ ಶಾಲೆಗೆ ಬಂದು, ಈ ಸಲವೂ ಲೆಕ್ಕ ಬರದಿದ್ದರೆ ಶಾಲೆ ಬಿಡಿಸಿ, ಹೊಲಿಗೆ ಕಲಿಯಲು ಹೊನ್ನಾಳಿಯ ಚಿಕ್ಕಮ್ಮನ ಮನೆಗೆ ಕಳಿಸುತ್ತೇವೆ ಎಂದು ಹೇಳಿ ಹೋಗಿದ್ದರು. ನಾನು ತಲೆಯಾಡಿಸಿದ್ದೆ. ತಲೆಯಾಡಿಸುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ.

ಅದಾದ ವಾರದಲ್ಲಿ ಬೀಜಗಣಿತ ನಡೆಯುತ್ತಿತ್ತು. ಎಂದಿನಂತೆ ಕೇಳಿದೆ, ಎಂದಿನಂತೆ ಆಯ್ತು ಎಂದರು. ಒಂದು ಬಾಯಿ ಮಾತ್ರ ತೆರೆದಿರಲಿಲ್ಲ.

"ಯಾಕಮ್ಮ ರೇಣುಕಾ, ಆಗ್ಲಿಲ್ವಾ?"

"ಆಗಿಲ್ರೀ ಸಾ. ಮೈನಸ್ಸಿಗೆ ಮೈನಸ್ ಗುಣಿಸಿದ್ರೆ ಪ್ಲಸ್ ಹೆಂಗೆ ಆಗ್ತೈತ್ರೀ?"

ನಾನು ನಿಯಮವನ್ನು ಇನ್ನೊಮ್ಮೆ, ಇನ್ನಷ್ಟು ದೊಡ್ಡ ದನಿಯಲ್ಲಿ ಹೇಳಿದೆ. ದನಿ ಏರಿಸಿದರೆ ಗಣಿತ ಸುಲಭವಾಗುತ್ತದೆ ಎಂಬುದು ನಮ್ಮ ವೃತ್ತಿಯ ಹಳೆಯ ನಂಬಿಕೆ. ಅವಳು ಅಲ್ಲಾಡಲಿಲ್ಲ.

"ಆಗ್ತೈತೆ ಅಂತ ಹೇಳಿದ್ರಿ ಸಾ. ಹೆಂಗೆ ಅಂತ ಹೇಳ್ಲಿಲ್ಲ."

ನನ್ನ ಮೇಷ್ಟ್ರು ನನಗೆ ಹಾಗೆಯೇ ಹೇಳಿದ್ದರು, ನಾನು ಆಯ್ತು ಸಾ ಎಂದಿದ್ದೆ. ಆ ಆಯ್ತನ್ನೇ ಮೂರು ತಾಲ್ಲೂಕುಗಳ ಮಕ್ಕಳಿಗೆ ಹಂಚುತ್ತಾ ಸಂಬಳ ತೆಗೆದುಕೊಂಡಿದ್ದೆ. ನಾಚಿಕೆಯಾಯಿತು. "ನಂಗೂ ಗೊತ್ತಿಲ್ಲಮ್ಮ, ನಾಳೆ ಹೇಳ್ತೀನಿ" ಎಂದೆ. ಮಕ್ಕಳು ನನ್ನನ್ನು ಮೊದಲ ಸಲ ಆಸಕ್ತಿಯಿಂದ ನೋಡಿದರು.

ಉತ್ತರ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಸಂಜೆ ನ್ಯಾಮತಿ ಬಸ್ ನಿಲ್ದಾಣದಲ್ಲಿ. ಶಿವಮೊಗ್ಗದ ಕಡೆ ಮುಖ ಮಾಡಿ ನಿಂತಿದ್ದ ಬಸ್ಸನ್ನು ಕಂಡಕ್ಟರು ಬರ್ಲಿ ಬರ್ಲಿ ಎನ್ನುತ್ತಾ ರಿವರ್ಸ್ ತೆಗೆಸುತ್ತಿದ್ದ. ಮುಖ ಅತ್ತ, ಚಲನೆಯೂ ಉಲ್ಟಾ, ಬಸ್ಸು ಮಾತ್ರ ನೆಟ್ಟಗೆ ಹೊನ್ನಾಳಿಯ ದಿಕ್ಕಿಗೆ, ನನ್ನ ಕಡೆಗೇ ಬರುತ್ತಿತ್ತು. ಅದನ್ನೇ ನೋಡುತ್ತಾ ದಾರಿಯಲ್ಲೇ ನಿಂತು ಕಂಡಕ್ಟರಿಂದ ಬೈಸಿಕೊಂಡೆ.

ಮರುದಿನ ಬೆಂಚುಗಳನ್ನು ಸರಿಸಿದೆವು. ಬಾಗಿಲ ಕಡೆ ಮುಖ ಮಾಡಿದರೆ ಪ್ಲಸ್, ಹಿಂದಿನ ಗೋಡೆಯ ಕಡೆ ತಿರುಗಿದರೆ ಮೈನಸ್. ಮುಂದೆ ನಡೆದರೆ ಪ್ಲಸ್, ಹಿಂದಕ್ಕೆ ಹೆಜ್ಜೆ ಇಟ್ಟರೆ ಮೈನಸ್. ರೇಣುಕಾ ಗೋಡೆಯ ಕಡೆ ತಿರುಗಿ, ಮೂರು ಹೆಜ್ಜೆ ಹಿಂದಕ್ಕೆ ಇಟ್ಟು ನಿಂತಳು. ಕತ್ತು ಹೊರಳಿಸಿ ನೋಡಿದಳು.

"ಬಾಗ್ಲ ಕಡೀಗೇ ಬಂದೀನಲ್ರೀ ಸಾ."

ಅವಳ ಮುಖ ಅರಳಿದ್ದನ್ನು ನಾನು ಮರೆತಿಲ್ಲ. ಉತ್ಸಾಹದಲ್ಲಿ ನಾನೂ ಗೋಡೆಗೆ ಮುಖ ಮಾಡಿ ಎಂಟು ಹೆಜ್ಜೆ ಹಿಂದಕ್ಕೆ ನಡೆದೆ. ಎಂಟನೆಯದು ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ಟರ ಕಾಲ ಮೇಲೆ ಬಿತ್ತು. ಗಣಿತವೆಂದು ವಿವರಿಸಿದೆ. ಅವರು ಕುಂಟುತ್ತಾ ಹೋದರು.

ರೇಣುಕಾ ಆ ವರ್ಷ ಪಾಸಾದಳು. ಈಗ ಹತ್ತನೇ ತರಗತಿಯಲ್ಲಿ ಅದೇ ಎರಡನೇ ಬೆಂಚಿನಲ್ಲಿದ್ದಾಳೆ. ಹೊಲಿಗೆಯ ಮಾತು ಅವಳ ಮನೆಯಲ್ಲಿ ಸದ್ಯಕ್ಕೆ ನಿಂತಿದೆ. ನನಗಾದ ನಷ್ಟವೆಂದರೆ ಇಡೀ ತರಗತಿಗೆ "ಆಗಿಲ್ರೀ ಸಾ" ರೂಢಿಯಾಗಿ, ನನ್ನ ಪಾಠ ಎರಡು ಅಧ್ಯಾಯ ಹಿಂದೆ ಬಿದ್ದಿದೆ.

ಮೊನ್ನೆ ನಮಗೆ ತರಬೇತಿ ಇತ್ತು, ಹಾಜರಿ ಹಾಕುವ ಹೊಸ ಆಪ್ ಬಗ್ಗೆ. ತರಬೇತುದಾರರು ಪರದೆಯ ಮೇಲೆ ಏನೇನನ್ನೋ ಸರಸರ ಒತ್ತಿ ತೋರಿಸಿ, ಅರ್ಥ ಆಯ್ತಾ ಎಂದರು. ಸಭಾಂಗಣವೆಲ್ಲ ಆಯ್ತು ಎಂದಿತು. ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದ ದನಿ ನನ್ನದೇ.

ಮರುದಿನ ತರಗತಿಯಲ್ಲಿ ಆಪ್ ತೆರೆದು ಹತ್ತು ನಿಮಿಷ ಬೆರಳಾಡಿಸಿದೆ. ಬಂದಿದ್ದ ಮಕ್ಕಳೆಲ್ಲ ಗೈರುಹಾಜರಾದರು. ರೇಣುಕಾ ಎದ್ದು ಬಂದು ಇಣುಕಿದಳು.

"ಟ್ರೇನಿಂಗಿನಾಗೆ ಹೇಳಿಕೊಡ್ಲಿಲ್ಲೇನ್ರೀ ಸಾ?"

"ಹೇಳಿದ್ರಮ್ಮ."

"ಮತ್ತೆ, ಆಗಿಲ್ಲ ಅಂತ ಹೇಳಾಕೆ ಏನಾಗಿತ್ರೀ?"