ಮೂರಂತಸ್ತಿನ ಕೇಕು ಮತ್ತು ಯಲ್ಲವ್ವನ ಆಡು

ಮಗಳು ಕೃಪಾಳ ಏಳನೆಯ ಹುಟ್ಟುಹಬ್ಬವನ್ನು ಇಡೀ ಗಂಗಾವತಿ ಮರೆಯಬಾರದು ಎಂದು ನಾನು ತೀರ್ಮಾನಿಸಿದೆ. ಮನೆ ಮುಂದೆ ಶಾಮಿಯಾನ, ಬಲೂನಿನ ಕಮಾನು, ವಿಡಿಯೋದವನು, ಮೂರಂತಸ್ತಿನ ಕೇಕು! ನಮ್ಮ ಮನೆಯೇ ಒಂದಂತಸ್ತಿನದು.

"ಅಕಿ ಕೇಳಿದ್ದು ಗೋಧಿ ಹುಗ್ಗಿ. ಯೇಸುಸ್ವಾಮಿ ಹುಟ್ಟಿದ್ದು ದನದ ಕೊಟ್ಟಿಗ್ಯಾಗ್ರಿ. ನಿಮಗ ಕಮಾನು ಬೇಕೇನು?" ಎಂದಳು ಹೆಂಡತಿ ಮಾರ್ಥಾ.

"ನೀ ಸುಮ್ನಿರು. ಮಂದಿ ಏನಂದಾರು?"

ಮಂದಿ ಏನೂ ಅಂದಿರಲಿಲ್ಲ.

ನಮ್ಮಲ್ಲಿ ಪ್ರಾರ್ಥನೆಯಾಗದೆ ಕೇಕಿಗೆ ಚಾಕು ತಾಗುವುದಿಲ್ಲ. ಪ್ರಾರ್ಥನೆಯ ನಡುವೆ ಒಂದು ಕಣ್ಣು ಅರೆತೆರೆದು ಸುತ್ತ ನೋಡುವುದು ನನ್ನ ಚಾಳಿ. ಅಂದು ಮಾತ್ರ ವಿಡಿಯೋದಲ್ಲಿ ಮಹಾಭಕ್ತನಾಗಿ ಕಾಣಬೇಕೆಂದು ಎರಡನ್ನೂ ಗಟ್ಟಿಯಾಗಿ ಮುಚ್ಚಿದೆ. "ಆಮೆನ್ ಅನ್ನೂತನಕ ಯಾರೂ ಅಲುಗಾಡಬ್ಯಾಡ್ರಿ, ಪಿಟ್ಟನ್ನಬ್ಯಾಡ್ರಿ!" ಎಂದು ಮೊದಲೇ ತಾಕೀತು ಮಾಡಿದ್ದೆ. ಓಣಿಯ ಹಿಂದೂ ನೆರೆಯವರಂತೂ ಪಾಪ, ನಮಗಿಂತ ಬಿಗಿಯಾಗಿ ಕಣ್ಣು ಮುಚ್ಚಿದರು.

ನಮ್ಮ ಚರ್ಚಿನ ಪಾಸ್ಟರು ಲೋಕಶಾಂತಿಯಿಂದ ಶುರುಮಾಡಿ, ಮಳೆಬೆಳೆ ದಾಟಿ, ಕೊನೆಗೆ ಮಗಳ ಬಳಿ ಬಂದರು. "ಕರ್ತನೇ, ಈ ಮಗುವಿಗೆ ಬೇಕಾದದ್ದನ್ನು ಕೊಡು, ಬೇಡವಾದದ್ದನ್ನು ತೆಗೆದುಹಾಕು. ಆಮೆನ್."

ಕಣ್ಣು ತೆರೆದರೆ, ಪಕ್ಕದ ಮನೆ ಯಲ್ಲವ್ವನ ಆಡು! ಮುಂಗಾಲು ಮೇಜಿನ ಮೇಲೆ, ಗಡ್ಡದ ತುಂಬ ಕೆನೆ. ಮೇಲಿನ ಎರಡು ಅಂತಸ್ತು ಮಾಯ. ಇಷ್ಟು ಬೇಗ ಫಲಿಸಿದ ಪ್ರಾರ್ಥನೆಯನ್ನು ನಾನು ಜೀವಮಾನದಲ್ಲಿ ಕಂಡಿಲ್ಲ.

"ನೀನರ ನೋಡ್ಲಿಲ್ಲೇನೋ?" ಎಂದು ವಿಡಿಯೋದವನ ಮೇಲೆ ಹರಿಹಾಯ್ದೆ.

"ನೋಡೀನ್ರಿ ಸರ. ಪೂರಾ ತಗದೀನಿ. ಅಲುಗಾಡಬ್ಯಾಡ್ರಿ ಅಂತ ನೀವಽ ಹೇಳಿದ್ರಲ್ರಿ!"

ಕೃಪಾಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವಳ ಹಬ್ಬವನ್ನು ನಾನೇ ಕೆಡಿಸಿದ್ದೆ. ಅವಳು ಆಡನ್ನು ನೋಡಿದಳು, ನನ್ನನ್ನು ನೋಡಿದಳು, ಬಿದ್ದುಬಿದ್ದು ನಕ್ಕಳು.

"ಅಪ್ಪಾ, ಈಗರ ಹುಗ್ಗಿ ಐತೇನು?"

ಇತ್ತು! ಮಾರ್ಥಾ ನನಗೆ ಹೇಳದೆ ದೊಡ್ಡ ಪಾತ್ರೆಯ ತುಂಬ ಮಾಡಿಟ್ಟಿದ್ದಳು. ಯಲ್ಲವ್ವ "ತಪ್ಪಾತ್ರೀ" ಎನ್ನುತ್ತ ಮನೆಗೆ ಓಡಿ ತುಪ್ಪದ ಗಡಿಗೆಯನ್ನೇ ಹೊತ್ತು ತಂದಳು. ಓಣಿಯ ಮಕ್ಕಳೆಲ್ಲ ಸಾಲಾಗಿ ಕುಳಿತು ಬೆರಳು ನೆಕ್ಕಿದರು. ಕೃಪಾ ಮೊದಲ ತುತ್ತನ್ನು ನನ್ನ ಬಾಯಿಗಿಟ್ಟಳು. ಇಂಥ ಮಗಳು, ಇಂಥ ಹೆಂಡತಿ, ಇಂಥ ನೆರೆಹೊರೆ ಕೊಟ್ಟ ದೇವರಿಗೆ ಎಷ್ಟು ಸ್ತೋತ್ರ ಹೇಳಿದರೂ ಸಾಲದು. ಆ ಸ್ತೋತ್ರದಲ್ಲಿ ಆಡಿನ ಹೆಸರನ್ನೂ ಸೇರಿಸು ಅನ್ನುತ್ತಾಳೆ ಮಾರ್ಥಾ. ನೋಡೋಣ.

ವಿಡಿಯೋ ಬಂದಿದೆ. ಚರ್ಚಿನ ಸಭೆಯವರು ಮನೆಗೆ ಬಂದಾಗಲೆಲ್ಲ ಹಾಕಿಸಿಕೊಂಡು ನೋಡುತ್ತಾರೆ. ಅದರಲ್ಲಿ ನಾನು ಬಯಸಿದಂತೆಯೇ ಕಾಣುತ್ತೇನೆ: ಕೈಜೋಡಿಸಿ, ಕಣ್ಣು ಮುಚ್ಚಿ, ತಲೆಬಾಗಿ ನಿಂತ ಮಹಾಭಕ್ತ.

ಆಡಿನ ಮುಂದೆ!